ಕಪ್ಪುಕುಳಿಯ ಕಾಂತಕ್ಷೇತ್ರ ತಾಲ್ಲೂಕು ಕಾಲೇಜಿಗೂ ಬರಲಿ

ಕಪ್ಪುಕುಳಿಯ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ, ಟಿ.ವಿ.ಯಲ್ಲಿ ಬರುವುದೆಲ್ಲ ಹೆಚ್ಚುಕಮ್ಮಿ ಒಂದೇ ಮಾತು: ಹತ್ತಿರ ಹೋದದ್ದನ್ನೆಲ್ಲ ನುಂಗುತ್ತದೆ, ಬೆಳಕನ್ನೂ ಬಿಡುವುದಿಲ್ಲ. ಮಾತು ಸುಳ್ಳಲ್ಲ. ಆದರೆ ನುಂಗುವುದು ಕಪ್ಪುಕುಳಿಗೂ ಅಷ್ಟು ಸಲೀಸಿನ ಕೆಲಸವಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ. ಅದರ ಸುತ್ತ ತಟ್ಟೆಯಾಗಿ ಹರಡಿಕೊಂಡು ಸುತ್ತುವ ಅನಿಲ ಸುಮ್ಮನೆ ಒಳಗೆ ಬಿದ್ದುಬಿಡುವುದಿಲ್ಲ. ಭೂಮಿ ಸೂರ್ಯನಿಗೆ ಬೀಳದೆ ಸುತ್ತುತ್ತಲೇ ಇರುವಂತೆ ಆ ಅನಿಲವೂ ಸುತ್ತುತ್ತಲೇ ಇರಬಲ್ಲದು. ಅದು ಒಳಗೆ ಇಳಿಯಬೇಕಾದರೆ ಅದರ ಕೋನೀಯ ಸಂವೇಗವನ್ನು ಯಾವುದಾದರೂ ಶಕ್ತಿ ಕಿತ್ತು ಹೊರಗೆ ಸಾಗಿಸಬೇಕು. ಆ ಕೆಲಸವನ್ನು ಮಾಡುವುದು ಕಾಂತಕ್ಷೇತ್ರ. ಎಸ್ಸೆಸ್ಸೆಲ್ಸಿ ಮಕ್ಕಳು ‘ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳು’ ಎಂಬ ಪಾಠದಲ್ಲಿ ಓದುವ ಅದೇ ಕಾಂತಕ್ಷೇತ್ರ.

ನಾನು ಕಡೂರು, ಅಜ್ಜಂಪುರ, ತರೀಕೆರೆ ಮೂರೂ ಕಡೆ ಸರ್ಕಾರಿ ಪ್ರೌಢಶಾಲೆಗಳಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಆ ಪಾಠವನ್ನು ಎಷ್ಟು ವರ್ಷ ಮಾಡಿದೆನೋ ಅಷ್ಟೂ ವರ್ಷ ಮಕ್ಕಳು ಅದನ್ನು ಫ್ಲೆಮಿಂಗನ ಎಡಗೈ ನಿಯಮ, ಮೋಟಾರಿನ ಚಿತ್ರ, ಫ್ಯೂಸು ಎಂದು ಅಂಕದ ಲೆಕ್ಕದಲ್ಲೇ ಓದಿದ್ದನ್ನು ಕಂಡಿದ್ದೇನೆ. ಈಗ ಹೇಳಹೊರಟಿರುವುದು ಒಂದೇ ಬೇಡಿಕೆ. ಕಪ್ಪುಕುಳಿಯ ಸುತ್ತಲಿನ ಈ ತಟ್ಟೆಗಳನ್ನು ನೋಡಲೆಂದು ನಮ್ಮದೇ ದೇಶ ಹಾರಿಸಿದ ಉಪಗ್ರಹದ ದತ್ತಾಂಶ ಯಾರು ಬೇಕಾದರೂ ತೆಗೆದುಕೊಳ್ಳುವಂತೆ ತೆರೆದು ಕೂತಿದೆ. ಅದು ನಮ್ಮ ಮೂರು ತಾಲ್ಲೂಕುಗಳ ಪದವಿ ಕಾಲೇಜುಗಳಿಗೆ ಬರಬೇಕು, ನಮ್ಮ ಮಕ್ಕಳು ಅದನ್ನು ಬಿಚ್ಚಿ ನೋಡಬೇಕು.

2019ರ ಏಪ್ರಿಲ್ 10ರಂದು ಕಪ್ಪುಕುಳಿಯ ಮೊಟ್ಟಮೊದಲ ಚಿತ್ರ ಪ್ರಕಟವಾಯಿತು. ಎಂ87 ಎಂಬ ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿ ಅದು. ನಮ್ಮಿಂದ ಸುಮಾರು 5.5 ಕೋಟಿ ಜ್ಯೋತಿರ್ವರ್ಷ ದೂರ, ರಾಶಿ ಸೂರ್ಯನ 650 ಕೋಟಿ ಪಟ್ಟು. ಬೇಸಿಗೆ ರಜೆ ಮುಗಿದು ಶಾಲೆ ಶುರುವಾದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಆ ದಿನದ ಪತ್ರಿಕೆಯ ತುಂಡನ್ನು ಜಾಮಿಟ್ರಿ ಬಾಕ್ಸಿನಲ್ಲಿ ಮಡಿಸಿಟ್ಟುಕೊಂಡು ತಂದಿದ್ದಳು. ಎರಡು ತಿಂಗಳು ಕಾಪಾಡಿಕೊಂಡಿದ್ದಳು ಪಾಪ. ಮಡಿಕೆಯ ಗೆರೆಯಲ್ಲಿ ಕಾಗದ ಹರಿದು, ಉಂಗುರದ ಚಿತ್ರ ಎರಡು ಹೋಳಾಗಿತ್ತು. ಅದರ ಪಕ್ಕದಲ್ಲೇ ಎಂ87ರ ಇನ್ನೊಂದು ಹಳೆಯ ಚಿತ್ರವೂ ಅಚ್ಚಾಗಿತ್ತು: ನಡುವಿನಿಂದ ನೆಟ್ಟಗೆ ಹೊರಟ ನೀಲಿ ಬೆಳಕಿನ ಗೆರೆ. ಹುಡುಗಿ ಅದರ ಮೇಲೆ ಬೆರಳಿಟ್ಟು ಕೇಳಿದಳು: ‘ಎಲ್ಲಾನೂ ನುಂಗುತ್ತೆ ಅಂತ ಇಲ್ಲಿ ಬರ್ದವ್ರೆ ಮಿಸ್. ಮತ್ತೆ ಈ ಪಟದಾಗೆ ಹೊರಗೆ ಬರ್ತಿರೋದು ಏನು?’

ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ತರಗತಿಯಲ್ಲಿ ಕೇಳಿಲ್ಲ. ಅಮೆರಿಕದ ಲಿಕ್ ವೀಕ್ಷಣಾಲಯದ ಹೀಬರ್ ಕರ್ಟಿಸ್ 1918ರಲ್ಲೇ ಆ ಗೆರೆಯನ್ನು ಗುರುತಿಸಿ, ವಿಚಿತ್ರವಾದ ನೇರ ಕಿರಣ ಎಂದು ಬರೆದಿಟ್ಟಿದ್ದ. ಅದು ಸುಮಾರು ಐದು ಸಾವಿರ ಜ್ಯೋತಿರ್ವರ್ಷ ಉದ್ದದ ಜೆಟ್, ಬೆಳಕಿನ ವೇಗಕ್ಕೆ ಹತ್ತಿರದ ವೇಗದಲ್ಲಿ ಚಿಮ್ಮುವ ಪ್ಲಾಸ್ಮಾ. ಒಳಗೆ ಬೀಳುವುದು ಹೇಗೆ, ಹೊರಗೆ ಚಿಮ್ಮುವುದು ಹೇಗೆ ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಕಾಂತಕ್ಷೇತ್ರದಲ್ಲೇ ಇದೆ.

ಮೊದಲನೆಯದನ್ನು ಅವಳಿಗೆ ರಾಗಿ ಒಕ್ಕುವ ಕಣದ ಲೆಕ್ಕದಲ್ಲಿ ಹೇಳಿದೆ. ನಮ್ಮ ಊರು ಶಿವನಿ ಕಡೆ. ಈಗ ರಾಗಿಯನ್ನು ಡಾಂಬರು ರಸ್ತೆಗೆ ಹಾಸಿ, ಬಸ್ಸು ಲಾರಿ ತುಳಿಯಲಿ ಎಂದು ಬಿಟ್ಟುಬಿಡುತ್ತಾರೆ. ನಾನು ಚಿಕ್ಕವಳಿದ್ದಾಗ ಕಣದ ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಒಂದರ ಪಕ್ಕ ಒಂದು ಹಗ್ಗದಲ್ಲಿ ಕಟ್ಟಿ ಸುತ್ತಿಸುತ್ತಿದ್ದರು. ಅಜ್ಜಂಪುರದ ಅಮೃತಮಹಲ್ ತಳಿಯ ಎತ್ತುಗಳಾದರೆ ದಣಿವೇ ಇಲ್ಲ. ಕಣದಲ್ಲಿ ಮೇಟಿ ಪಕ್ಕದ ಎತ್ತು ನಿಧಾನ, ಹೊರಗಿನದು ಓಡಬೇಕು. ಕಪ್ಪುಕುಳಿಯ ಸುತ್ತ ಇದು ತಿರುಗುಮುರುಗು: ಒಳಸುತ್ತಿನ ಅನಿಲ ಜೋರು, ಹೊರಸುತ್ತಿನದು ನಿಧಾನ. ಈಗ ಒಳಗಿನ ಎತ್ತಿಗೂ ಹೊರಗಿನ ಎತ್ತಿಗೂ ನಡುವೆ ಹಿಗ್ಗುವ ರಬ್ಬರಿನ ಹಗ್ಗ ಕಟ್ಟಿದ್ದೀರಿ ಎಂದುಕೊಳ್ಳಿ. ಒಳಗಿನದು ಮುಂದೆ ಹೋಗುತ್ತಿದ್ದಂತೆ ಹಗ್ಗ ಬಿಗಿಯುತ್ತದೆ. ಒಳಗಿನದನ್ನು ಹಿಂದಕ್ಕೆ ಜಗ್ಗುತ್ತದೆ, ಹೊರಗಿನದನ್ನು ಮುಂದಕ್ಕೆ ಎಳೆಯುತ್ತದೆ. ಜಗ್ಗಿಸಿಕೊಂಡ ಒಳಗಿನದು ಕೋನೀಯ ಸಂವೇಗ ಕಳೆದುಕೊಂಡು ಇನ್ನಷ್ಟು ಒಳಸುತ್ತಿಗೆ ಇಳಿಯುತ್ತದೆ. ಒಳಸುತ್ತಿಗೆ ಇಳಿದರೆ ಅಲ್ಲಿನ ವೇಗ ಇನ್ನೂ ಹೆಚ್ಚು. ಎಳೆಸಿಕೊಂಡ ಹೊರಗಿನದು ಇನ್ನಷ್ಟು ಹೊರಗೆ ಸರಿದು ಇನ್ನೂ ನಿಧಾನವಾಗುತ್ತದೆ. ಹಗ್ಗ ಮತ್ತಷ್ಟು ಬಿಗಿಯುತ್ತದೆ, ಜಗ್ಗಾಟ ಮತ್ತಷ್ಟು ಜೋರಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಇಡೀ ತಟ್ಟೆ ಅಲ್ಲೋಲಕಲ್ಲೋಲ. ಹೀಗೆ ಒಳಗಿನ ಅನಿಲ ಒಳಕ್ಕೆ ಜಾರುತ್ತ ಹೋಗುತ್ತದೆ, ಅದರ ಕೋನೀಯ ಸಂವೇಗ ಹೊರಕ್ಕೆ ಸಾಗುತ್ತ ಹೋಗುತ್ತದೆ. ಆ ಹಗ್ಗವೇ ಕಾಂತೀಯ ಬಲರೇಖೆ. ಅನಿಲ ಕಾದು ಎಲೆಕ್ಟ್ರಾನುಗಳು ಬಿಡಿಬಿಡಿಯಾಗಿ ಪ್ಲಾಸ್ಮಾ ಆದ ಮೇಲೆ ಬಲರೇಖೆಯೂ ಪ್ಲಾಸ್ಮಾವೂ ಒಂದನ್ನೊಂದು ಬಿಟ್ಟು ಹೋಗುವುದಿಲ್ಲ. ಅದಕ್ಕೇ ಈ ಎಳೆದಾಟ.

ಇದರ ಚರಿತ್ರೆ ನನ್ನ ವಾದಕ್ಕೆ ಬಹಳ ಮುಖ್ಯ. 1973ರಲ್ಲಿ ರಷ್ಯದ ಶಕೂರಾ ಮತ್ತು ಸುನ್ಯಾಯೆವ್ ಈ ತಟ್ಟೆಗಳ ಸಿದ್ಧಾಂತವನ್ನು ಕಟ್ಟಿದರು. ಅನಿಲ ಒಳಗಿಳಿಯಲು ಏನೋ ಒಂದು ಘರ್ಷಣೆ ಬೇಕು ಎಂದು ಅವರಿಗೆ ಗೊತ್ತಿತ್ತು. ಅದು ಎಷ್ಟು ಎಂಬುದನ್ನು ಆಲ್ಫಾ ಎಂಬ ಒಂದು ಅಕ್ಷರದಲ್ಲಿ ಇಟ್ಟು ಮುಂದೆ ಹೋದರು. ಕಾಂತಕ್ಷೇತ್ರ, ಕ್ಷೋಭೆ ಎರಡನ್ನೂ ಅವರು ಹೆಸರಿಸಿದ್ದರು, ಆದರೆ ಅದು ನಡೆಯುವ ಬಗೆ ಕೈಗೆ ಸಿಕ್ಕಿರಲಿಲ್ಲ. ಸಾಮಾನ್ಯ ಅನಿಲದ ಜಿಗುಟುತನ ಈ ಕೆಲಸಕ್ಕೆ ಏನೇನೂ ಸಾಲದು. 1991ರಲ್ಲಿ ಸ್ಟೀವನ್ ಬಾಲ್ಬಸ್ ಮತ್ತು ಜಾನ್ ಹಾಲಿ ಮೇಲೆ ಹೇಳಿದ ಹಗ್ಗದ ಲೆಕ್ಕವನ್ನು ತಟ್ಟೆಗೆ ಹಚ್ಚಿ ತೋರಿಸಿದರು. ಎಷ್ಟು ದುರ್ಬಲವಾದ ಕಾಂತಕ್ಷೇತ್ರ ಇದ್ದರೂ ಸಾಕು, ತಟ್ಟೆ ಶಾಂತವಾಗಿ ಇರಲಾರದು ಎಂಬುದು ಅವರು ಕಂಡುಕೊಂಡದ್ದು. ಆದರೆ ಆ ಅಸ್ಥಿರತೆಯ ಗಣಿತ ಹೊಸದೇನೂ ಆಗಿರಲಿಲ್ಲ. 1959ರಲ್ಲಿ ವೆಲಿಖೋವ್, 1960ರಲ್ಲಿ ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅದನ್ನು ಕಂಡುಹಿಡಿದಾಗಿತ್ತು. ತಿರುಗುವ ಎರಡು ಉರುಳೆಗಳ ನಡುವಿನ ದ್ರವದ ಲೆಕ್ಕವಾಗಿ ಅದು ಚಂದ್ರಶೇಖರರ 1961ರ ದೊಡ್ಡ ಗ್ರಂಥದಲ್ಲಿ ಅಚ್ಚಾಗಿ, ಜಗತ್ತಿನ ಎಲ್ಲ ಒಳ್ಳೆಯ ಗ್ರಂಥಾಲಯಗಳ ಕಪಾಟಿನಲ್ಲಿ ಕೂತಿತ್ತು. ತಟ್ಟೆಯ ಪ್ರಶ್ನೆ ಹಿಡಿದುಕೊಂಡು ಆ ಪುಟವನ್ನು ಗಂಭೀರವಾಗಿ ತೆರೆದವರು ಇಲ್ಲವೆಂಬಷ್ಟು ಕಡಿಮೆ. ಉತ್ತರ ಮೂವತ್ತು ವರ್ಷ ಹಾಗೇ ಬಿದ್ದಿತ್ತು.

ಇವತ್ತು ಉಪಗ್ರಹಗಳ ದತ್ತಾಂಶದ ಭಂಡಾರಗಳನ್ನು ನೆನೆದಾಗಲೆಲ್ಲ ನನಗೆ ಆ ಮೂವತ್ತು ವರ್ಷ ನೆನಪಾಗುತ್ತದೆ. ಎಲ್ಲರ ಮುಂದೆ ಇದ್ದೂ ಎಷ್ಟೋ ಉತ್ತರಗಳು ನೋಡುವವರಿಲ್ಲದೆ ಬಿದ್ದಿರಬಹುದು. ನೋಡುವ ಕಣ್ಣುಗಳು ಬೆಂಗಳೂರು, ಮುಂಬಯಿ, ಪುಣೆಗಳಲ್ಲೇ ಇರಬೇಕೆಂಬ ನಿಯಮವೇನಿದೆ?

ಎರಡನೆಯ ಪ್ರಶ್ನೆ, ಹೊರಗೆ ಚಿಮ್ಮುವುದು ಹೇಗೆ ಎಂಬುದಕ್ಕೆ ಕಪ್ಪುಕುಳಿಯ ಸ್ವಂತ ತಿರುಗುವಿಕೆ ಬೇಕು. ತಿರುಗುವ ಕಪ್ಪುಕುಳಿಯ ಗಣಿತವನ್ನು 1963ರಲ್ಲಿ ರಾಯ್ ಕೆರ್ ಬಿಡಿಸಿದ. ಅಂಥ ಕಪ್ಪುಕುಳಿ ತನ್ನ ಸುತ್ತಲಿನ ಆಕಾಶವನ್ನೇ ಜೊತೆಯಲ್ಲಿ ಎಳೆದು ತಿರುಗಿಸುತ್ತದೆ. ತೀರ ಹತ್ತಿರದಲ್ಲಿ ಯಾವ ವಸ್ತುವೂ ನಿಂತಲ್ಲಿ ನಿಲ್ಲಲಾರದು. ಬಲರೇಖೆಗಳು ಅಲ್ಲಿ ಹಾದುಹೋದರೆ ಅವೂ ಎಳೆಸಿಕೊಂಡು ಹುರಿಗೊಳ್ಳುತ್ತವೆ. ಆ ಹುರಿಯ ಮೂಲಕ ಕಪ್ಪುಕುಳಿಯ ತಿರುಗುವ ಶಕ್ತಿ ಹೊರಗೆ ಹರಿಯುತ್ತದೆ. 1977ರಲ್ಲಿ ಕೇಂಬ್ರಿಜ್‌ನ ರೋಜರ್ ಬ್ಲ್ಯಾಂಡ್‌ಫೋರ್ಡ್ ಮತ್ತು ರೋಮನ್ ಝ್ನಾಯೆಕ್ ಇದನ್ನು ಲೆಕ್ಕ ಹಾಕಿ ತೋರಿಸಿದರು. ಎಂ87ರ ಜೆಟ್ಟಿನ ಶಕ್ತಿ ಹೀಗೇ ಬರುತ್ತಿರಬೇಕು ಎಂದು ಈಗ ಹೆಚ್ಚಿನವರು ಒಪ್ಪುತ್ತಾರೆ. ಹುಡುಗಿ ಬೆರಳಿಟ್ಟ ಗೆರೆ ಕಪ್ಪುಕುಳಿ ನುಂಗಿದ್ದನ್ನು ಉಗುಳಿದ್ದಲ್ಲ. ಕಪ್ಪುಕುಳಿಯ ದಿಗಂತದ, ಎಂದರೆ ಬೆಳಕೂ ಮರಳಿ ಬರಲಾಗದ ಗಡಿಯ, ಒಳಗೆ ಹೋದದ್ದು ಹೋಯಿತು. ದಿಗಂತದ ಹೊರಗಿನ ಪ್ಲಾಸ್ಮಾಕ್ಕೆ ಕಪ್ಪುಕುಳಿ ಕಾಂತಕ್ಷೇತ್ರದ ಮೂಲಕ ತನ್ನ ತಿರುಗುವ ಶಕ್ತಿಯ ಒಂದು ಪಾಲು ಕೊಟ್ಟಿತು.

ಇಂಥ ವಿಷಯ ಎಂದರೆ ಕೇಂಬ್ರಿಜ್, ಮಾಸ್ಕೋ ಎಂದೇ ನಮ್ಮವರು ಯೋಚಿಸುತ್ತಾರೆ. ಆದರೆ ಬ್ಲ್ಯಾಂಡ್‌ಫೋರ್ಡ್, ಝ್ನಾಯೆಕ್ ಲೆಕ್ಕ ಬಂದ ಮರುವರ್ಷವೇ, 1978ರಲ್ಲಿ, ತಿರುಗುವ ಕಪ್ಪುಕುಳಿಯ ಸುತ್ತಲಿನ ವಿದ್ಯುತ್ಕಾಂತ ಕ್ಷೇತ್ರದಲ್ಲಿ ವಿದ್ಯುದಾವಿಷ್ಟ ಕಣಗಳು ಯಾವ ದಾರಿ ಹಿಡಿಯುತ್ತವೆ ಎಂಬುದರ ಬಗ್ಗೆ ಬೆಂಗಳೂರಿನಿಂದ ಹೊರಡುವ ‘ಪ್ರಮಾಣ’ ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂತು. ಬರೆದವರು ಇಬ್ಬರು: ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಎ.ಆರ್. ಪ್ರಸನ್ನ ಮತ್ತು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಸಿ.ವಿ. ವಿಶ್ವೇಶ್ವರ. ಅವರು ಹಿಡಿದ ಪ್ರಶ್ನೆ ಮೂಲದಲ್ಲಿ ನಮ್ಮ ಫ್ಲೆಮಿಂಗ್ ನಿಯಮದ ಪ್ರಶ್ನೆಯೇ: ಕಾಂತಕ್ಷೇತ್ರದಲ್ಲಿ ಚಲಿಸುವ ಆವೇಶ ಯಾವ ಕಡೆ ತಿರುಗುತ್ತದೆ? ನಡೆಯುವ ಜಾಗ ಮಾತ್ರ ಬೇರೆ. ವಿಶ್ವೇಶ್ವರ 1938ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ, ಕನ್ನಡದ ಲೇಖಕ ಸಿ.ಕೆ. ವೆಂಕಟರಾಮಯ್ಯನವರ ಮನೆಯಲ್ಲಿ. ಅಲುಗಾಡಿಸಿದ ಕಪ್ಪುಕುಳಿ ತನ್ನದೇ ಸ್ವರಗಳಲ್ಲಿ ಮಿಡಿದು ಅಡಗುತ್ತದೆ ಎಂದು 1970ರಲ್ಲೇ ತೋರಿಸಿದವರು ಅವರು. 2015ರ ಸೆಪ್ಟೆಂಬರಿನಲ್ಲಿ ಮೊದಲ ಗುರುತ್ವ ಅಲೆ ಸಿಕ್ಕಾಗ ಅದರ ಕೊನೆಯಲ್ಲಿ ಕಂಡದ್ದು ಆ ಮಿಡಿತವೇ. 1989ರಲ್ಲಿ ಶುರುವಾದ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಮೊದಲ ನಿರ್ದೇಶಕರೂ ಅವರೇ. ಶಾಲೆಯ ಪ್ರವಾಸದಲ್ಲಿ ನಮ್ಮ ಮಕ್ಕಳು ಕತ್ತೆತ್ತಿ ಕೂತು ನೋಡಿ ಬಂದ ಆ ಗುಮ್ಮಟವನ್ನು ಕಟ್ಟಿ ನಿಲ್ಲಿಸಿದವರು ಕಪ್ಪುಕುಳಿಯ ಇಷ್ಟು ದೊಡ್ಡ ವಿಜ್ಞಾನಿ ಎಂದು ಬಸ್ಸಿನಲ್ಲಿ ಹೇಳಿದರೆ ಜೊತೆಗೆ ಬಂದ ಮೇಷ್ಟ್ರುಗಳಿಗೂ ಆಶ್ಚರ್ಯ. 2017ರ ಜನವರಿಯಲ್ಲಿ ಅವರು ತೀರಿಕೊಂಡರು. ಅವರ ಹೆಸರು ನಮ್ಮ ಪಠ್ಯಪುಸ್ತಕದಲ್ಲಿ ಇರಬೇಕಿತ್ತು ಎಂದು ನಾನು ಈಗಲೂ ಹೇಳುತ್ತೇನೆ.

ಎಂ87ರ ಚಿತ್ರದ ಕಥೆ 2019ಕ್ಕೇ ಮುಗಿಯಲಿಲ್ಲ. 2021ರ ಮಾರ್ಚಿ 24ರಂದು ಅದೇ ಉಂಗುರದ ಇನ್ನೊಂದು ಚಿತ್ರ ಬಂತು. ಉಂಗುರದ ಮೇಲೆಲ್ಲ ಸುರುಳಿ ಸುತ್ತಿದ ಗೆರೆಗಳು. ಅಲ್ಲಿಂದ ಬರುವ ರೇಡಿಯೋ ಅಲೆಗಳ ಧ್ರುವೀಕರಣವನ್ನು, ಎಂದರೆ ಅವು ಕಂಪಿಸುವ ದಿಕ್ಕನ್ನು, ಅಳೆದು ಬರೆದ ಗೆರೆಗಳವು. ಆ ಧ್ರುವೀಕರಣದಿಂದಲೇ ಕಪ್ಪುಕುಳಿಯ ಅಂಚಿನ ಕಾಂತಕ್ಷೇತ್ರದ ರೂಪ ತಿಳಿಯುತ್ತದೆ. ಅದರ ಬಲವನ್ನೂ ಲೆಕ್ಕ ಹಾಕಿದರು: 1ರಿಂದ 30 ಗಾಸ್. ಈ ಅಂಕಿ ಓದಿದ ದಿನ ನನಗೆ ಮೈ ಜುಮ್ಮೆಂದಿತು. ನಾವು ನಿಂತಿರುವಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 0.4 ಗಾಸ್. ಮಕ್ಕಳು ಕೈಯಲ್ಲಿ ಹಿಡಿಯುವ ಅಯಸ್ಕಾಂತದ ತುದಿಯಲ್ಲಿ ನೂರಾರು ಗಾಸ್. ಎಂದರೆ 650 ಕೋಟಿ ಸೂರ್ಯರ ರಾಶಿಯ ಆ ಕಪ್ಪುಕುಳಿಯ ಅಂಚಿನದಕ್ಕಿಂತ ಬಲವಾದ ಕಾಂತಕ್ಷೇತ್ರ ನಮ್ಮ ಪ್ರಯೋಗಾಲಯದ ಡಬ್ಬಿಯಲ್ಲಿದೆ! ವ್ಯತ್ಯಾಸ ಇರುವುದು ಹರಹಿನಲ್ಲಿ. ಅಲ್ಲಿ ಕ್ಷೇತ್ರ ಹಬ್ಬಿರುವ ಜಾಗ ನಮ್ಮ ಸೌರಮಂಡಲಕ್ಕಿಂತ ದೊಡ್ಡದು; ಕಪ್ಪುಕುಳಿಯ ದಿಗಂತವೇ ಸೂರ್ಯನಿಂದ ಪ್ಲೂಟೋಗೆ ಇರುವ ದೂರದ ಮೂರು ಪಟ್ಟಿಗಿಂತ ಆಚೆ ಹೋಗುತ್ತದೆ.

ಪ್ರಯೋಗಾಲಯದ ಡಬ್ಬಿ ಎಂದೆ. ನಾನಿದ್ದ ಒಂದು ಶಾಲೆಯಲ್ಲಿ ಆ ಡಬ್ಬಿಯ ಅಯಸ್ಕಾಂತಗಳು ವರ್ಷಗಟ್ಟಲೆ ಒಂದರ ಮೇಲೊಂದು ಬಿದ್ದು ಶಕ್ತಿ ಕಳೆದುಕೊಂಡಿದ್ದವು, ಗುಂಡುಪಿನ್ನನ್ನೂ ಎತ್ತುತ್ತಿರಲಿಲ್ಲ. ರೇಡಿಯೋ ರಿಪೇರಿ ಅಂಗಡಿಯಿಂದ ಹಳೆಯ ಸ್ಪೀಕರಿನ ಅಯಸ್ಕಾಂತ ತಂದು ಪಾಠ ಮಾಡಿದೆ. ತರೀಕೆರೆಗೆ ವರ್ಗವಾದ ಮೇಲೆ ಒಳ್ಳೆಯ ಪಟ್ಟಿ ಅಯಸ್ಕಾಂತ ಕೊಂಡು, ಮಕ್ಕಳನ್ನು ಲಿಂಗದಹಳ್ಳಿ ಕಡೆ, ಬಾಬಾಬುಡನ್ ಗಿರಿಯಿಂದ ಇಳಿದು ಬರುವ ಹಳ್ಳಕ್ಕೆ ಕರೆದುಕೊಂಡು ಹೋದೆ. ಅಯಸ್ಕಾಂತಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ ಒಣಗಿದ ಮರಳಿನಲ್ಲಿ ಎಳೆದರೆ ಕರಿ ಕಣಗಳು ಎರಡೂ ತುದಿಯಲ್ಲಿ ಗೊಂಚಲಾಗಿ ಎದ್ದು ನಿಂತವು. ನಡುಭಾಗಕ್ಕೆ ಒಂದು ಕಣವೂ ಅಂಟಲಿಲ್ಲ. ಕವರ್ ಬಿಚ್ಚಿದ ಕೂಡಲೇ ಅಷ್ಟೂ ಉದುರಿ ಕಾಗದದ ಮೇಲೆ ಬಿತ್ತು. ಕಾಗದದ ಕೆಳಗೆ ಅಯಸ್ಕಾಂತ ಹಿಡಿದು ಮೆಲ್ಲಗೆ ತಟ್ಟಿದರೆ ಬಲರೇಖೆಗಳು ಕಣ್ಣೆದುರೇ ಮೂಡಿದವು. ಆ ಕಣಗಳು ಮ್ಯಾಗ್ನೆಟೈಟ್, ಬಾಬಾಬುಡನ್ ಸಾಲಿನ ಕಬ್ಬಿಣದ ಕಲ್ಲು ಸವೆದು ಬಂದ ಪುಡಿ. ಆ ಕಲ್ಲು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯದು. ಇದೇ ಸಾಲಿನ ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿದ್ದುದನ್ನು ನೋಡಿದ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಕಾಂತಶಾಸ್ತ್ರ ಕಲಿಸಲು ಇಂಥ ಸೀಮೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಮಾನ.

ಎಸ್ಸೆಸ್ಸೆಲ್ಸಿಯಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ: ಕಾಂತೀಯ ಬಲರೇಖೆಗಳು ಒಂದನ್ನೊಂದು ಏಕೆ ಛೇದಿಸುವುದಿಲ್ಲ? ಛೇದಿಸಿದರೆ ಆ ಬಿಂದುವಿನಲ್ಲಿ ದಿಕ್ಸೂಚಿ ಏಕಕಾಲಕ್ಕೆ ಎರಡು ದಿಕ್ಕು ತೋರಬೇಕಾಗುತ್ತದೆ, ಅದು ಅಸಾಧ್ಯ. ಮಕ್ಕಳು ಇದನ್ನು ಬರೆದು ಅಂಕ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಉತ್ತರ ಸರಿಯೇ, ಆದರೆ ಅಲ್ಲಿಗೆ ನಿಲ್ಲಿಸಬಾರದು. ವಿರುದ್ಧ ದಿಕ್ಕಿನ ಬಲರೇಖೆಗಳನ್ನು ಪ್ಲಾಸ್ಮಾ ಒತ್ತಿ ಒತ್ತಿ ಹತ್ತಿರ ತಂದರೆ ಅವು ತುಂಡಾಗಿ ಬೇರೆ ಜೋಡಿಯಾಗಿ ಬೆಸೆದುಕೊಳ್ಳುತ್ತವೆ, ಕೂಡಿಟ್ಟ ಶಕ್ತಿ ಒಮ್ಮೆಲೇ ಸಿಡಿಯುತ್ತದೆ. ಸೂರ್ಯನ ಮೇಲಿನ ಜ್ವಾಲೆಗಳು ಹೀಗೆ ಏಳುವುವು. ನಮ್ಮ ಕ್ಷೀರಪಥದ ನಡುವೆ, ಸುಮಾರು 27,000 ಜ್ಯೋತಿರ್ವರ್ಷ ದೂರದಲ್ಲಿ, 40 ಲಕ್ಷ ಸೂರ್ಯರ ರಾಶಿಯ ಕಪ್ಪುಕುಳಿಯೊಂದಿದೆ. ಅದರ ಬಳಿ ಆಗಾಗ ಕಾಣುವ ಮಿಂಚುಗಳಿಗೂ ಇದೇ ಕಾರಣ ಇರಬಹುದು ಎಂದು ವಿಜ್ಞಾನಿಗಳು ನೋಡುತ್ತಿದ್ದಾರೆ. 2018ರಲ್ಲಿ ಅಂಥ ಮಿಂಚಿನ ತುಣುಕುಗಳು ಬೆಳಕಿನ ಶೇ 30ರಷ್ಟು ವೇಗದಲ್ಲಿ ಕಪ್ಪುಕುಳಿಯನ್ನು ಸುತ್ತುವುದನ್ನು ಚಿಲಿ ದೇಶದ ದೂರದರ್ಶಕಗಳಿಂದ ಕಂಡರು. ಆ ಕಪ್ಪುಕುಳಿಯ ಸುತ್ತಲೂ ಎಂ87ರಂತೆಯೇ ಸುರುಳಿ ಕಾಂತಕ್ಷೇತ್ರ ಇರುವ ಚಿತ್ರ 2024ರ ಮಾರ್ಚಿಯಲ್ಲಿ ಬಂತು. ಗಾತ್ರದಲ್ಲಿ ಸಾವಿರ ಪಟ್ಟಿಗೂ ಮಿಕ್ಕ ವ್ಯತ್ಯಾಸವಿರುವ ಎರಡು ಕಪ್ಪುಕುಳಿಗಳ ಸುತ್ತ ಕ್ಷೇತ್ರದ ಸುರುಳಿ ಮಾತ್ರ ಒಂದೇ ಬಗೆ.

ಇವೆರಡೂ ದೈತ್ಯರು. ನಮ್ಮ ವಿದ್ಯಾರ್ಥಿಗಳ ಕೈಗೆ ಸಿಗುವುದು ಸಣ್ಣ ಕಪ್ಪುಕುಳಿಗಳು, ಸೂರ್ಯನ ಹತ್ತಿಪ್ಪತ್ತು ಪಟ್ಟು ರಾಶಿಯವು, ಪಕ್ಕದ ನಕ್ಷತ್ರದಿಂದ ಅನಿಲ ಎಳೆದುಕೊಳ್ಳುವಂಥವು. ಅವುಗಳ ತಟ್ಟೆಯ ಒಳ ಅಂಚು ಕೋಟಿ ಡಿಗ್ರಿಯಷ್ಟು ಕಾದು ಕ್ಷ-ಕಿರಣ ಸೂಸುತ್ತದೆ. ಸೂರ್ಯನೊಳಗೆ ಹೈಡ್ರೋಜನ್ ಬೆಸೆದಾಗ ಅದರ ರಾಶಿಯಲ್ಲಿ ಶೇ 0.7ರಷ್ಟು ಶಕ್ತಿಯಾಗುತ್ತದೆ. ಈ ತಟ್ಟೆಗಳಲ್ಲಿ, ಕಪ್ಪುಕುಳಿ ತಿರುಗದಿದ್ದರೆ ಶೇ 6ರ ಆಸುಪಾಸು. ಗರಿಷ್ಠ ವೇಗದಲ್ಲಿ ತಿರುಗುತ್ತಿದ್ದರೆ ಶೇ 42ರವರೆಗೆ. ವಿಶ್ವದಲ್ಲಿ ಇಷ್ಟು ಸಮರ್ಥವಾಗಿ ಬೆಳಕು ಹೊಮ್ಮಿಸುವ ಇನ್ನೊಂದು ವ್ಯವಸ್ಥೆ ಸಿಗುವುದು ಕಷ್ಟ.

ಅಂಥ ತಟ್ಟೆಗಳನ್ನೂ ನೋಡಲೆಂದು ಇಸ್ರೋ 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಉಪಗ್ರಹವನ್ನು ಹಾರಿಸಿತು. 2024ರ ಜನವರಿ 1ರಂದು ಎಕ್ಸ್‌ಪೋಸ್ಯಾಟ್ ಹಾರಿತು. ಅದರಲ್ಲಿರುವ ಪೋಲಿಕ್ಸ್ ಉಪಕರಣ ಕ್ಷ-ಕಿರಣಗಳ ಧ್ರುವೀಕರಣವನ್ನು ಅಳೆಯುತ್ತದೆ. ಅದನ್ನು ಕಟ್ಟಿದ್ದು ವಿಶ್ವೇಶ್ವರ ಇದ್ದ ಅದೇ ರಾಮನ್ ಸಂಶೋಧನಾ ಸಂಸ್ಥೆ. ಬೆರಿಲಿಯಂ ಬಿಲ್ಲೆಯ ಮೇಲೆ ಬಿದ್ದ ಕ್ಷ-ಕಿರಣಗಳು ಯಾವ ಕಡೆ ಎಷ್ಟು ಚದುರುತ್ತವೆ ಎಂದು ಸುತ್ತಲಿನ ನಾಲ್ಕು ಎಣಿಕೆಯಂತ್ರಗಳು ಎಣಿಸುತ್ತವೆ. ಹೇಳಲು ಇಷ್ಟು ಸರಳ, ಕಟ್ಟಲು ವರ್ಷಗಳ ದುಡಿಮೆ. ಕಡೂರಿನಿಂದ ರೈಲು ಹತ್ತಿದರೆ ಅದೇ ದಿನ ಹೋಗಿ ನೋಡಿ ಬರುವಷ್ಟು ಹತ್ತಿರ ಈ ಕೆಲಸ ನಡೆಯುತ್ತಿದೆ.

ಆಸ್ಟ್ರೋಸ್ಯಾಟ್‌ನ ದತ್ತಾಂಶ 2018ರಿಂದ ಎಲ್ಲರಿಗೂ ಮುಕ್ತ. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿರುವ ಇಸ್ರೋದ ದತ್ತಾಂಶ ಕೇಂದ್ರದ ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ ಸಾಕು, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದನ್ನು ಬಿಡಿಸುವ ತಂತ್ರಾಂಶವೂ ಪುಕ್ಕಟೆ. ಕಲಿಸಲು, ಸಂದೇಹ ಬಗೆಹರಿಸಲು ಪುಣೆಯ ಖಗೋಳ ಸಂಶೋಧನಾ ಕೇಂದ್ರವಾದ ಅಯೂಕಾದಲ್ಲಿ ಆಸ್ಟ್ರೋಸ್ಯಾಟ್ ನೆರವು ಘಟಕವೇ ಇದೆ. ಅಯೂಕಾ 1988ರಲ್ಲಿ ಹುಟ್ಟಿದ್ದೇ ವಿಶ್ವವಿದ್ಯಾಲಯ, ಕಾಲೇಜುಗಳ ಅಧ್ಯಾಪಕರಿಗಾಗಿ. ಬೆಂಗಳೂರಿನ ಕೆಲವು ಕಾಲೇಜು, ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಇದೇ ದತ್ತಾಂಶ ಹಿಡಿದು ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಪ್ರಬಂಧ ಬರೆದಿದ್ದಾರೆ. ಹಾಗಾದರೆ ಕಡೂರಿನವರಿಗೆ, ತರೀಕೆರೆಯವರಿಗೆ, ಅಜ್ಜಂಪುರದವರಿಗೆ ಏನು ಅಡ್ಡಿ?

ಕೇಳಿದರೆ ಮೊದಲು ಬರುವ ಮಾತು, ನಮ್ಮ ಮಕ್ಕಳಿಗೆ ಇದೆಲ್ಲ ಯಾಕೆ ಎಂಬುದು. ಕಡೂರಿನ ಕಡೆ ಬೋರ್‌ವೆಲ್ ಬತ್ತಿದೆ, ಅಜ್ಜಂಪುರದಲ್ಲಿ ಭದ್ರಾ ಮೇಲ್ದಂಡೆಗೆ ಸುರಂಗ ಕೊರೆದರೂ ಹೊಲಕ್ಕೆ ನೀರು ಬರುವುದನ್ನು ಕಾಯುವವರು ಕಾಯುತ್ತಲೇ ಇದ್ದಾರೆ, ಹುಡುಗರಿಗೆ ಬೇಕಾದದ್ದು ಕೆಲಸ. ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ನಮ್ಮ ಮನೆಯ ತೆಂಗೂ ಒಣಗಿದೆ. ಆದರೆ ಕ್ಷ-ಕಿರಣದ ದತ್ತಾಂಶ ಬಿಡಿಸುವ ಹುಡುಗ ಕಲಿಯುವುದೇನು? ಲಿನಕ್ಸ್, ಪೈಥಾನ್, ಅಂಕಿಅಂಶಗಳ ಶಾಸ್ತ್ರ, ಗದ್ದಲದ ನಡುವೆ ನಿಜವಾದ ಸಂಕೇತವನ್ನು ಗುರುತಿಸುವ ವಿದ್ಯೆ. ಇಷ್ಟು ಬಂದವನಿಗೆ ಬ್ಯಾಂಕಿನಲ್ಲೂ ಕೆಲಸವಿದೆ, ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗದಲ್ಲೂ ಇದೆ, ಅಂತರ್ಜಲದ ಸಮೀಕ್ಷೆಯಲ್ಲೂ ಇದೆ. ಪ್ಲಾಸ್ಮಾ ಮತ್ತು ಕಾಂತಕ್ಷೇತ್ರದ ಇದೇ ಗಣಿತ ಗುಜರಾತಿನ ಗಾಂಧಿನಗರದಲ್ಲಿ ನಡೆಯುವ ಸಮ್ಮಿಲನ ವಿದ್ಯುತ್ತಿನ ಸಂಶೋಧನೆಗೂ ಬೇಕು. ಇಷ್ಟೆಲ್ಲ ಲಾಭ ಹೇಳಿದರೂ ನನ್ನ ಮನಸ್ಸಿನ ಮಾತು ಬೇರೆ: ಜಾಮಿಟ್ರಿ ಬಾಕ್ಸಿನಲ್ಲಿ ಕಪ್ಪುಕುಳಿ ಇಟ್ಟುಕೊಂಡು ಬಂದ ಹುಡುಗಿಗೆ ಉತ್ತರ ಹುಡುಕುವ ಹಕ್ಕಿದೆ. ಆ ಹಕ್ಕನ್ನು ಅವಳ ತಾಲ್ಲೂಕಿನ ಮಳೆಯ ಪ್ರಮಾಣ ನೋಡಿ ಕೊಡುವುದಲ್ಲ.

ಎರಡನೆಯ ಮಾತು ಇಂಗ್ಲಿಷಿನದು. ತಂತ್ರಾಂಶ, ಕೈಪಿಡಿ, ಪ್ರಬಂಧ ಎಲ್ಲ ಇಂಗ್ಲಿಷಿನಲ್ಲೇ ಇವೆ, ನಿಜ. ಆದರೆ ಪಕ್ಕದಲ್ಲಿ ಕೂತು ಕನ್ನಡದಲ್ಲಿ ವಿವರಿಸುವ ಒಬ್ಬರಿದ್ದರೆ ಅದು ಗೋಡೆಯಾಗಿ ಉಳಿಯುವುದಿಲ್ಲ. ಜಿ.ಟಿ. ನಾರಾಯಣ ರಾಯರು ಜೀವಮಾನವಿಡೀ ಖಗೋಳವನ್ನು ಕನ್ನಡದಲ್ಲಿ ಬರೆದರು, ತಾರಾಲಯದ ಬಿ.ಎಸ್. ಶೈಲಜಾ ಬರೆಯುತ್ತಿದ್ದಾರೆ, ‘ಬಾಲ ವಿಜ್ಞಾನ’ ಪತ್ರಿಕೆ ನಮ್ಮ ಶಾಲೆಗಳಿಗೆ ಬರುತ್ತಿತ್ತು. ಭಾಷೆ ಸಿದ್ಧವಾಗಿದೆ, ಕಾಲೇಜಿನ ಕೋಣೆ ಸಿದ್ಧವಾಗಬೇಕು.

ಕೇಳುವುದು ದೊಡ್ಡದೇನಲ್ಲ. ಕುವೆಂಪು ವಿಶ್ವವಿದ್ಯಾಲಯದ ಶಂಕರಘಟ್ಟದ ಆವರಣ ನಮ್ಮ ತರೀಕೆರೆ ತಾಲ್ಲೂಕಿನ ಗಡಿಗೆ ಹೊಂದಿಕೊಂಡೇ ಇದೆ. ನಮ್ಮ ಜಿಲ್ಲೆಯ ಕಾಲೇಜುಗಳು ಅದರ ವ್ಯಾಪ್ತಿಗೇ ಬರುತ್ತವೆ. ಭೌತಶಾಸ್ತ್ರದ ಬಿ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟುಗಳ ಪಟ್ಟಿಯಲ್ಲಿ ಆಸ್ಟ್ರೋಸ್ಯಾಟ್ ದತ್ತಾಂಶದ ಕೆಲಸವನ್ನು ವಿಶ್ವವಿದ್ಯಾಲಯ ಸೇರಿಸಲಿ. ಕಾಲೇಜಿಗೊಬ್ಬ ಅಧ್ಯಾಪಕರನ್ನು ರಜೆಯಲ್ಲಿ ಪುಣೆಯ ಕಾರ್ಯಾಗಾರಕ್ಕೆ ಕಳಿಸಲಿ, ಆ ದಿನಗಳನ್ನು ಕರ್ತವ್ಯವೆಂದೇ ಎಣಿಸಲಿ. ಅತಿಥಿ ಉಪನ್ಯಾಸಕರಾದರೂ ಕಳಿಸಲಿ. ನಮ್ಮ ಕಾಲೇಜುಗಳಲ್ಲಿ ಪಾಠದ ಭಾರ ಹೊತ್ತವರಲ್ಲಿ ಬಹಳ ಜನ ಅವರೇ. ಒಂದು ಕೋಣೆ, ಕೆಲವು ಗಟ್ಟಿಮುಟ್ಟಾದ ಕಂಪ್ಯೂಟರು, ಕರೆಂಟು ಹೋದರೆ ಯುಪಿಎಸ್, ತಡೆಯಿಲ್ಲದ ಇಂಟರ್‌ನೆಟ್. ಮೂರು ಊರಿಗೂ ಬೇರೆ ಬೇರೆ ಆಗದಿದ್ದರೆ ನಡುವಿನ ಬೀರೂರಿನಲ್ಲಿ ಒಂದು ಮಾಡಲಿ. ರೈಲು, ಬಸ್ಸು ಎರಡೂ ಅಲ್ಲಿಗೆ ಬರುತ್ತವೆ.

ಮೊದಲ ಪ್ರಾಜೆಕ್ಟು ಯಾವುದಿರಲಿ ಎಂದು ಕೇಳಿದರೆ ನಾನು ಜಿ.ಆರ್.ಎಸ್. 1915+105 ಎನ್ನುತ್ತೇನೆ. 1992ರಲ್ಲಿ ಸಿಕ್ಕ ಕಪ್ಪುಕುಳಿ, ಸೂರ್ಯನ ಸುಮಾರು 12 ಪಟ್ಟು ರಾಶಿ, ತಿರುಗುವ ವೇಗ ಗರಿಷ್ಠದ ಹತ್ತಿರ ಎಂದು ಅಂದಾಜು. ಅದರ ತಟ್ಟೆಯ ಕ್ಷ-ಕಿರಣ ಒಂದೊಂದು ಹೊತ್ತು ಒಂದೊಂದು ಬಗೆಯಲ್ಲಿ ಏರಿಳಿಯುತ್ತದೆ; ಹನ್ನೆರಡಕ್ಕೂ ಹೆಚ್ಚು ಬಗೆಗಳನ್ನು ಈಗಾಗಲೇ ಹೆಸರಿಟ್ಟು ವಿಂಗಡಿಸಿದ್ದಾರೆ. ಸೆಕೆಂಡಿಗೆ 70ರ ಆಸುಪಾಸಿನ ಮಿಡಿತವನ್ನು ಆಸ್ಟ್ರೋಸ್ಯಾಟ್ ಅದರಲ್ಲಿ ಅಳೆದಿದೆ. ಒಳ ಅಂಚಿನ ಯಾವ ಕುಲುಕಾಟದಿಂದ ಆ ಮಿಡಿತ ಎಂಬ ಬಗ್ಗೆ ಇನ್ನೂ ಒಮ್ಮತ ಬಂದಿಲ್ಲ. ಅದೇ ಕಪ್ಪುಕುಳಿ 2018ರಿಂದ ಕ್ಷ-ಕಿರಣದಲ್ಲಿ ಮಂಕಾಗುತ್ತ ಬಂತು. ತಟ್ಟೆಯಿಂದಲೇ ಎದ್ದ ಅನಿಲ ಅಡ್ಡ ನಿಂತಿದೆ ಎಂದು ಹಲವರ ವಾದ, ಆ ಅನಿಲವನ್ನು ಎಬ್ಬಿಸುವುದರಲ್ಲಿ ಕಾಂತಕ್ಷೇತ್ರದ ಪಾಲೆಷ್ಟು ಎಂಬ ಹುಡುಕಾಟ ನಡೆದಿದೆ. ಮಂಕಾಗುವ ಮೊದಲಿನ ದತ್ತಾಂಶವೂ ಆಮೇಲಿನದೂ ಎರಡೂ ಬ್ಯಾಲಾಳುವಿನ ಭಂಡಾರದಲ್ಲಿವೆ. ಎರಡನ್ನೂ ಇಳಿಸಿಕೊಂಡು, ಪಕ್ಕಪಕ್ಕದಲ್ಲಿ ನಕ್ಷೆ ಬರೆದು, ಏನು ಬದಲಾಗಿದೆ ನೋಡುವುದು ಒಂದು ಸೆಮಿಸ್ಟರಿನ ಕೆಲಸ. ಜಾಮಿಟ್ರಿ ಬಾಕ್ಸಿನ ಆ ಹುಡುಗಿಯ ವಯಸ್ಸಿನವರು ಪದವಿ ತರಗತಿಗೆ ಬಂದಾಗಿದೆ.